ಸಿಮೆಂಟ್ ತರಿಸುವ ಮೊದಲು: ಹಂಪಿಯಲ್ಲಿ ನಾಲ್ಕು ದಿನ

ನಮ್ಮೂರಿನಲ್ಲಿ ಒಂದು ಕಲ್ಯಾಣಿ ಇದೆ. ಶಿರಾ ಕಡೆಯ ಸಣ್ಣ ಊರು ನಮ್ಮದು. ಕಲ್ಯಾಣಿಯ ದಡದಲ್ಲಿ ನಾಲ್ಕು ಕಂಬದ ಮಂಟಪ. ಮೆಟ್ಟಿಲ ಮೇಲೆ ಅಲ್ಲಲ್ಲಿ ಮೀನು, ಆಮೆ ಕೆತ್ತಿದ್ದಾರೆ. ನಾನು ಈಜು ಕಲಿತದ್ದು ಅಲ್ಲೇ. ಈಗ ಅದರಲ್ಲಿ ನೀರಿಲ್ಲ. ಒಂದು ಮೂಲೆಯ ಕಲ್ಲುಗಳು ಒಳಗೆ ಜಾರಿವೆ.

ಹೋದ ದೀಪಾವಳಿಗೆ ಊರಿನವರು ಸೇರಿ ಜೀರ್ಣೋದ್ಧಾರ ಮಾಡೋಣ ಅಂತ ತೀರ್ಮಾನಿಸಿದೆವು. 11 ಲಕ್ಷದ ಅಂದಾಜುಪಟ್ಟಿ ಸಿದ್ಧವಾಯಿತು. ಸಂದುಗಳಿಗೆ ಸಿಮೆಂಟ್, ತಳಕ್ಕೆ ಕಾಂಕ್ರೀಟ್, ಮಂಟಪಕ್ಕೆ ಟೈಲ್ಸ್, ಸುತ್ತ ಕಬ್ಬಿಣದ ಗ್ರಿಲ್. ಸಮಿತಿಯಲ್ಲಿ ನಾನೂ ಇದ್ದೇನೆ. ಆ ಪಟ್ಟಿಯನ್ನು ಫೋಟೋ ತೆಗೆದು ಚಿಕ್ಕಪ್ಪನ ಮಗಳಿಗೆ ಕಳಿಸಿದೆ. ಅವಳು ಹಳೆ ಕಟ್ಟಡಗಳ ಸಂರಕ್ಷಣೆಯನ್ನೇ ಓದಿ, ಅದನ್ನೇ ಕೆಲಸ ಮಾಡಿಕೊಂಡವಳು. ಹತ್ತು ನಿಮಿಷದಲ್ಲಿ ಫೋನ್ ಬಂತು.

"ಅಣ್ಣ, ಸಿಮೆಂಟ್ ಇನ್ನೂ ಬಂದಿಲ್ಲ ತಾನೇ? ನಾಲ್ಕು ದಿನ ರಜಾ ಹಾಕು. ಹಂಪಿಗೆ ಹೋಗೋಣ."

ಹತ್ತು ವರ್ಷದ ಹಿಂದೆ ಊರ ಹನುಮಪ್ಪನ ಗುಡಿಯ ಕಲ್ಲಿನ ಕಂಬಗಳಿಗೆ ನಾವೇ ನಿಂತು ಎಣ್ಣೆ ಬಣ್ಣ ಬಳಿಸಿದ್ದೆವು. ಈಗ ಆ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿದೆ. ಅದರ ಜೊತೆ ಕಲ್ಲಿನ ಪದರವೂ ಏಳುತ್ತಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇನ್ನೊಂದು ಸಲ ಹಾಗಾಗುವುದು ಬೇಡ ಅನಿಸಿತು. ಹೊರಟೆ.

ಮೊದಲ ದಿನ

ಹಿರಿಯೂರು, ಚಿತ್ರದುರ್ಗ, ಕೂಡ್ಲಿಗಿ ದಾಟಿ ಬಸ್ಸು ಹೊಸಪೇಟೆ ಮುಟ್ಟುವಾಗ ಮಧ್ಯಾಹ್ನ. ಜನವರಿಯ ಬಿಸಿಲು, ಕಷ್ಟವೇನೂ ಆಗಲಿಲ್ಲ. ಊಟ ಮುಗಿಸಿ ಸೀದಾ ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಲ್ಲಿ ಹಂಪಿಯ ಇಡೀ ಬಯಲಿನ ದೊಡ್ಡ ಮಾದರಿ ಇದೆ. ಬೆಟ್ಟ, ಹೊಳೆ, ಕೋಟೆ, ಗುಡಿ ಎಲ್ಲ ಸಣ್ಣದಾಗಿ. ತಂಗಿ ಅದರ ಸುತ್ತ ಎರಡು ಸುತ್ತು ಹಾಕಿಸಿದಳು. "ಗುಡಿ ನೋಡಬೇಡ. ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತೆ ನೋಡು" ಅಂದಳು.

ಸಂಜೆ ಮಾತಂಗ ಬೆಟ್ಟ ಹತ್ತಿದೆವು. ಮೆಟ್ಟಿಲು ಕಡಿದು. ಮೇಲೆ ಹೋದ ಮೇಲೆ ಮಾತೇ ಹೊರಡಲಿಲ್ಲ. ಪಡುವಣಕ್ಕೆ ವಿರೂಪಾಕ್ಷನ ಗೋಪುರ. ಕಾಲ ಕೆಳಗೆ ಅಚ್ಯುತರಾಯನ ಗುಡಿ. ಬಡಗಣಕ್ಕೆ ಬಂಡೆಗಳ ನಡುವೆ ತುಂಗಭದ್ರೆ. ತೆಂಕಣಕ್ಕೆ ಅರಮನೆ ಇದ್ದ ಬಯಲು. ಈ ಎರಡರ ನಡುವೆ ಹಸಿರು ಪಟ್ಟೆ, ಬಾಳೆ ತೋಟ, ಗದ್ದೆ.

"ಇದರಲ್ಲಿ ಯಾವುದನ್ನು ಉಳಿಸಬೇಕು?" ಅಂತ ಕೇಳಿದಳು.

ಗುಡಿಗಳನ್ನು, ಅರಮನೆಯ ಅಡಿಪಾಯಗಳನ್ನು ಅಂದೆ.

"ಆ ಗದ್ದೆ?"

ನನಗೆ ಉತ್ತರ ಹೊಳೆಯಲಿಲ್ಲ. ಅವಳೇ ಹೇಳಿದಳು. ಆ ಗದ್ದೆಗಳಿಗೆ ನೀರು ಬರುವುದು ತುರ್ತು ಕಾಲುವೆಯಿಂದ. ಅದು ವಿಜಯನಗರದ ಕಾಲದ್ದು. ಸಾಮ್ರಾಜ್ಯ ಬಿದ್ದುಹೋಗಿ ನಾನೂರೈವತ್ತು ವರ್ಷ ದಾಟಿತು, ಕಾಲುವೆ ಮಾತ್ರ ಇವತ್ತೂ ಹರಿಯುತ್ತಿದೆ. ಕಂಬ ಸುಮ್ಮನೆ ನಿಂತಿದೆ. ಕಾಲುವೆ ಇನ್ನೂ ದುಡಿಯುತ್ತಿದೆ. ಹಂಪಿಯ ಬೆಲೆ ಎಷ್ಟು ಅಂತ ಲೆಕ್ಕ ಹಾಕುವಾಗ ಆ ಕಾಲುವೆ, ಅದನ್ನು ನಂಬಿದ ರೈತ, ಈ ಬಂಡೆಗಳ ಬೆಟ್ಟ ಎಲ್ಲವೂ ಲೆಕ್ಕಕ್ಕೆ ಬರಬೇಕು.

ಹಂಪಿ 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಸುಮಾರು 42 ಚದರ ಕಿಲೋಮೀಟರ್ ಜಾಗ, ಅದರಲ್ಲಿ ಉಳಿದಿರುವ ಅವಶೇಷಗಳೇ 1,600ಕ್ಕೂ ಜಾಸ್ತಿ. ಇಷ್ಟನ್ನೂ ಒಂದೊಂದಾಗಿ ರಿಪೇರಿ ಮಾಡುತ್ತ ಹೋದರೆ ಮುಗಿಯುವುದು ಯಾವಾಗ? ಅದಕ್ಕೇ ಮೊದಲು ಬೇಕಾಗುವುದು ಒಂದೇ ಒಂದು ಹಾಳೆ ಅಂದಳು. ಈ ಜಾಗ ಯಾಕೆ ಮುಖ್ಯ, ಯಾರಿಗೆ ಮುಖ್ಯ, ಯಾವುದು ಹೋದರೆ ಇದು ಇದಾಗಿ ಉಳಿಯುವುದಿಲ್ಲ ಅನ್ನುವುದನ್ನು ಆ ಹಾಳೆಯಲ್ಲಿ ಬರೆಯಬೇಕು. ಮುಂದೆ ಏನೇ ತಕರಾರು ಬಂದರೂ ಆ ಹಾಳೆ ತೆಗೆದು ನೋಡಬೇಕು.

ಕತ್ತಲಾಗುವ ಮೊದಲು ಇಳಿದೆವು. ಆ ರಾತ್ರಿ ರೂಮಿನಲ್ಲಿ ಕೂತು ನಮ್ಮ ಕಲ್ಯಾಣಿಯ ಬಗ್ಗೆ ಅಂಥ ಒಂದು ಹಾಳೆ ಬರೆಯಲು ನೋಡಿದೆ. ನಾಲ್ಕು ಸಾಲಿಗೇ ನಿಂತಿತು. ಅದನ್ನು ಕಟ್ಟಿಸಿದವರು ಯಾರು ಅನ್ನುವುದೂ ನನಗೆ ಗೊತ್ತಿರಲಿಲ್ಲ.

ಎರಡನೇ ದಿನ

ಬೆಳಿಗ್ಗೆ ಆರೂವರೆಗೆ ವಿರೂಪಾಕ್ಷನ ದರ್ಶನ. ಗಂಟೆ, ಕರ್ಪೂರದ ವಾಸನೆ, ತಲೆ ಒದ್ದೆಯಿದ್ದ ಭಕ್ತರು. ಹಂಪಿ ಹಾಳಾಯಿತು ಅನ್ನುತ್ತಾರೆ, ಆದರೆ ಇಲ್ಲಿ ಪೂಜೆ ನಡೆದೇ ಇದೆ. ಜೀವ ಇರುವ ಗುಡಿಯನ್ನು ನೋಡಿಕೊಳ್ಳುವ ರೀತಿ ಬೇರೆ, ಪೂಜೆ ನಿಂತ ಗುಡಿಯದ್ದು ಬೇರೆ ಅಂತ ತಂಗಿ ಹೇಳಿದಳು. ಇಲ್ಲಿ ದೀಪದ ಹೊಗೆ ಹತ್ತುತ್ತದೆ, ಎಣ್ಣೆ ಚೆಲ್ಲುತ್ತದೆ, ಜಾತ್ರೆಗೆ ಸಾವಿರಾರು ಜನ ಬರುತ್ತಾರೆ. ಅದನ್ನೆಲ್ಲ ನಿಲ್ಲಿಸಿದರೆ ಕಲ್ಲು ಉಳಿಯಬಹುದು, ಗುಡಿ ಉಳಿಯುವುದಿಲ್ಲ.

ಹೊರಗೆ ಬಂದರೆ ಬಜಾರು. ರಥಬೀದಿಯ ಎರಡೂ ಕಡೆ ಸಾಲು ಮಂಟಪ. ಈಗ ಖಾಲಿ. 2011ರ ಜುಲೈವರೆಗೆ ಇಲ್ಲಿ ಜನ ಇದ್ದರು. ಮಂಟಪಗಳೊಳಗೇ ಮನೆ, ಹೋಟೆಲ್ಲು, ಅಂಗಡಿ. ಕಂಬಗಳ ನಡುವೆ ಗೋಡೆ ಎತ್ತಿದ್ದರು, ಮೇಲೆ ಕಾಂಕ್ರೀಟ್ ಹಾಕಿದ್ದರು. ಮಂಟಪಕ್ಕೆ ಅದರಿಂದ ಪೆಟ್ಟು ಬಿದ್ದದ್ದು ನಿಜ. ಆಮೇಲೆ ಒಂದು ದಿನ ಎಲ್ಲವನ್ನೂ ಕೆಡವಲಾಯಿತು. ನೂರಾರು ಕುಟುಂಬ ಎದ್ದು ಹೋಗಬೇಕಾಯಿತು.

ದಾರಿ ಬದಿಯಲ್ಲಿ ಎಳನೀರು ಮಾರುತ್ತಿದ್ದ ಅಜ್ಜಿಯೊಬ್ಬರನ್ನು ಮಾತಿಗೆ ಎಳೆದೆ. ಅವರು ಸಿಟ್ಟಿನಿಂದ ಮಾತಾಡಲಿಲ್ಲ. "ನಾವಿದ್ದಾಗ ಮುಂಜಾನೆದ್ದು ಕಸ ಹೊಡೀತಿದ್ವಿರಿ, ನೀರು ಹಾಕತಿದ್ವಿ. ರಾತ್ರಿ ಇಲ್ಲೇ ಮಕ್ಕಂತಿದ್ವಿ. ಈಗ ಹೊತ್ತು ಮುಳುಗಿತಂದ್ರ ನಾಯಿ ಬಿಟ್ರ ಯಾರೂ ಇರಂಗಿಲ್ಲ" ಅಂದರು.

ಅದನ್ನು ಕೇಳಿ ತುಂಬ ಹೊತ್ತು ಸುಮ್ಮನೆ ಕೂತೆ. ಅಜ್ಜಿ ಹೇಳಿದ್ದೂ ಸರಿ, ಕಂಬಕ್ಕೆ ಪೆಟ್ಟು ಬಿದ್ದದ್ದೂ ಸರಿ. ವಿಜಯನಗರದ ಕಾಲದಲ್ಲೂ ಅದು ಬಜಾರೇ ತಾನೇ? ವ್ಯಾಪಾರ ಇರಬೇಕಾದ ಬೀದಿ. ಯಾರು ಇರಬಹುದು, ಏನು ಕಟ್ಟಬಹುದು, ಏನು ಕಟ್ಟಬಾರದು ಅನ್ನುವುದನ್ನು ಮೊದಲೇ ಜನರ ಜೊತೆ ಕೂತು ಬರೆದುಕೊಂಡಿದ್ದರೆ ಕೆಡವುವ ದಿನ ಬರುತ್ತಿರಲಿಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ. ತಂಗಿ ಅಷ್ಟು ಖಡಾಖಂಡಿತವಾಗಿ ಹೇಳಲಿಲ್ಲ. "ಕಂಬದ ಪರವಾಗಿಯೂ ಒಬ್ಬರು ಮಾತಾಡಬೇಕಲ್ವಾ ಅಣ್ಣ" ಅಂದಳು. ನಾವಿಬ್ಬರೂ ಈ ವಿಷಯದಲ್ಲಿ ಇನ್ನೂ ಒಮ್ಮತಕ್ಕೆ ಬಂದಿಲ್ಲ.

ಜನ ಹೋದ ಮೇಲೂ ಮಂಟಪಕ್ಕೆ ಅಪಾಯ ತಪ್ಪಲಿಲ್ಲ. 2024ರ ಮೇ ತಿಂಗಳ ಮಳೆಗೆ ಇದೇ ಸಾಲು ಮಂಟಪದ ಒಂದು ಭಾಗ ಕುಸಿದು ಬಿತ್ತು. ಯಾಕೆ ಬೀಳುತ್ತದೆ ಅಂತ ತಿಳಿಯಲು ಅವಳು ನನಗೆ ಒಂದು ಪಾಠ ಮಾಡಿದಳು. ಚೌಕುಳಿ ಹಾಳೆ, ಪೆನ್ಸಿಲ್, ಮೂರು ಬಣ್ಣದ ಕಡ್ಡಿ ಕೊಟ್ಟಳು. ಕಲ್ಲನ್ನು ಮುಟ್ಟುವ ಹಾಗಿಲ್ಲ, ಗುರುತು ಹಾಕುವ ಹಾಗಿಲ್ಲ. ಹೆಜ್ಜೆ ಅಳತೆಯಲ್ಲೇ ಒಂದು ಮಂಟಪದ ನಕ್ಷೆ ಬರೆಯಬೇಕು. ಬಿರುಕು ಕಂಡಲ್ಲಿ ಕೆಂಪು. ನೀರಿನ ಕಲೆ ಕಂಡಲ್ಲಿ ನೀಲಿ. ಗಿಡ ಕಂಡಲ್ಲಿ ಹಸಿರು.

ಒಂದೂವರೆ ಗಂಟೆ ಹಿಡಿಯಿತು. ಮುಗಿಸಿ ನೋಡಿದರೆ ಹಾಳೆಯೇ ಮಾತಾಡುತ್ತಿತ್ತು! ಹಸಿರು ಇದ್ದ ಕಡೆ ಕೆಳಗೆ ನೀಲಿ. ನೀಲಿ ಇದ್ದ ಕಡೆ ಕೆಂಪು. ಚಾವಣಿಯ ಚಪ್ಪಡಿಯ ಮೇಲೆ ಹಿಂದೆ ಇಟ್ಟಿಗೆ ಚೂರು, ಸುಣ್ಣದ ಗಾರೆ ಹಾಕಿ ನೀರು ಇಳಿಯದಂತೆ ಮಾಡಿರುತ್ತಿದ್ದರು. ಗಾರೆ ಸವೆದರೆ ಅಲ್ಲಿ ಮಣ್ಣು ಕೂರುತ್ತದೆ. ಹಕ್ಕಿ ತಂದು ಹಾಕಿದ ಅರಳಿ ಬೀಜ ಮೊಳೆಯುತ್ತದೆ. ಬೇರು ಸಂದಿಗೆ ಇಳಿಯುತ್ತದೆ. ಬೇರಿನ ಹಿಂದೆ ನೀರು. ನಮ್ಮ ಕಣ್ಣಿಗೆ ಬೀಳುವುದು ಕೊನೆಯಲ್ಲಿ ಬರುವ ಬಿರುಕು. ಅದಕ್ಕೆ ಸಿಮೆಂಟ್ ತುಂಬಿ ರಿಪೇರಿ ಆಯಿತು ಅಂದುಕೊಳ್ಳುತ್ತೇವೆ.

ಸಿಮೆಂಟ್ ಯಾಕೆ ಬೇಡ ಅಂತ ಆಗ ಕೇಳಿದೆ. ಈ ಪ್ರಶ್ನೆ ಊರಿನಲ್ಲಿ ನನಗೆ ಬಂದೇ ಬರುತ್ತದೆ. ಸುಣ್ಣದ ಗಾರೆ ಮೆತ್ತಗೆ, ಉಸಿರಾಡುತ್ತದೆ. ಕಲ್ಲಿನೊಳಗೆ ಸೇರಿದ ತೇವ ಸಂದಿನಿಂದಲೇ ಆವಿಯಾಗಿ ಹೋಗುತ್ತದೆ. ಕಟ್ಟಡ ಕೂದಲೆಳೆಯಷ್ಟು ಅಲುಗಿದರೂ ಗಾರೆ ಬಗ್ಗಿಕೊಳ್ಳುತ್ತದೆ. ಸಿಮೆಂಟ್ ಹಾಗಲ್ಲ. ಗಟ್ಟಿಯಾಗಿ ಕೂತು ತೇವಕ್ಕೆ ದಾರಿ ಮುಚ್ಚುತ್ತದೆ. ಒಳಗಿನ ಉಪ್ಪು ಹೊರಗೆ ಬರಲು ಕಲ್ಲನ್ನೇ ಸೀಳುತ್ತದೆ. ಕೊನೆಗೆ ಸಿಮೆಂಟ್ ಹಾಗೇ ಇರುತ್ತದೆ, ಪಕ್ಕದ ಕಲ್ಲು ಉದುರುತ್ತದೆ. ನಮ್ಮ ಹನುಮಪ್ಪನ ಕಂಬಗಳಿಗೆ ಎಣ್ಣೆ ಬಣ್ಣ ಮಾಡಿದ್ದೂ ಇದನ್ನೇ.

ಮಧ್ಯಾಹ್ನ ಅರಮನೆ ಆವರಣದ ಪುಷ್ಕರಣಿಗೆ ಹೋದೆವು. ನಾನು ಈ ಪ್ರವಾಸದಲ್ಲಿ ಅತಿ ಹೆಚ್ಚು ಹೊತ್ತು ನಿಂತದ್ದು ಅಲ್ಲಿ. 1980ರ ದಶಕದಲ್ಲಿ ಉತ್ಖನನ ಮಾಡುವಾಗ ಮಣ್ಣಿನೊಳಗಿಂದ ಎದ್ದು ಬಂದ ಕಲ್ಯಾಣಿ ಅದು. ಕರಿಕಲ್ಲಿನ ಮೆಟ್ಟಿಲುಗಳು ಈಗ ತಾನೇ ಕಡೆದಂತೆ ಇವೆ. ಕಲ್ಲುಗಳ ಮೇಲೆ ಅಕ್ಷರ, ಗುರುತುಗಳಿವೆ. ಯಾವ ದಿಕ್ಕು, ಎಷ್ಟನೇ ಸಾಲು, ಎಲ್ಲಿ ಕೂರಬೇಕು ಅಂತ ಕಲ್ಲುಕುಟಿಗರು ಹಾಕಿಕೊಂಡ ಲೆಕ್ಕ. ಬೇರೆ ಕಡೆ ಕಡೆದು, ಇಲ್ಲಿ ತಂದು, ಗುರುತು ನೋಡಿ ಜೋಡಿಸಿದ್ದಾರೆ. ಹತ್ತಿರದಲ್ಲೇ ಕಲ್ಲಿನ ಕಂಬಗಳ ಮೇಲೆ ನೀರು ಸಾಗಿಸುತ್ತಿದ್ದ ದೋಣಿಯಂಥ ಕಾಲುವೆ.

"ನಿಮ್ಮೂರ ಕಲ್ಯಾಣಿಗೆ ನೀರು ಎಲ್ಲಿಂದ ಬರುತ್ತಿತ್ತು ಅಣ್ಣ?"

ಮಳೆ ನೀರು ಇರಬೇಕು ಅಂದೆ.

"ಇರಬೇಕು ಅನ್ನೋದನ್ನ ಹಾಳೆ ಮೇಲೆ ಬರೆಯೋ ಹಾಗಿಲ್ಲ. ಕೇಳಿ ಬರೀಬೇಕು."

ಮೂರನೇ ದಿನ

ವಿಠ್ಠಲ ದೇವಸ್ಥಾನಕ್ಕೆ ಗೆಜ್ಜಲ ಮಂಟಪದಿಂದ ಬ್ಯಾಟರಿ ಗಾಡಿಯಲ್ಲಿ ಹೋಗಬೇಕು. ಹೊಗೆ, ಅದುರು ಗುಡಿಯ ಹತ್ತಿರ ಬಾರದಿರಲಿ ಅಂತ ವಾಹನಗಳನ್ನು ದೂರದಲ್ಲೇ ನಿಲ್ಲಿಸುತ್ತಾರೆ. ಇದೂ ಯೋಜನೆಯ ಒಂದು ಭಾಗವೇ.

ಕಲ್ಲಿನ ರಥದ ಮುಂದೆ ಯಥಾಪ್ರಕಾರ ಜನಜಂಗುಳಿ. 50 ರೂಪಾಯಿ ನೋಟು ಹಿಡಿದು ಫೋಟೋ ತೆಗೆಸಿಕೊಳ್ಳುವವರು. ತಂಗಿ ತನ್ನ ಫೋನಿನಲ್ಲಿ ಇನ್ನೊಂದು ಫೋಟೋ ತೋರಿಸಿದಳು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ತೆಗೆದದ್ದು. ಅದರಲ್ಲಿ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ! ಈಗ ಇಲ್ಲ.

ಹಾಗಾದರೆ ಅದನ್ನು ಮತ್ತೆ ಕಟ್ಟಬೇಕಲ್ವಾ ಅಂತ ಕೇಳಿದೆ. ಅವಳು ಬೇಡ ಅಂದಳು. ಎದುರಿಗಿನ ಒಂದು ಫೋಟೋ ಇದೆ. ಹಿಂಬದಿ ಹೇಗಿತ್ತು? ಒಳಗಿನ ಕಟ್ಟು ಹೇಗಿತ್ತು? ಗೊತ್ತಿಲ್ಲದ್ದನ್ನು ಊಹಿಸಿ ಕಟ್ಟಿದರೆ ಮುಂದಿನವರು ಅದನ್ನೇ ಹಳೆಯದು ಅಂತ ನಂಬುತ್ತಾರೆ. ಊಹೆ ಶುರುವಾದ ಕಡೆ ಕೆಲಸ ನಿಲ್ಲಿಸಬೇಕು ಅಂತ, ಹಳೆ ಸ್ಮಾರಕಗಳನ್ನು ಹೇಗೆ ನೋಡಿಕೊಳ್ಳಬೇಕು ಅಂತ ಬೇರೆ ಬೇರೆ ದೇಶದ ತಜ್ಞರು ಒಪ್ಪಿಕೊಂಡ 1964ರ ವೆನಿಸ್ ಸನ್ನದಿನಲ್ಲೇ ಬರೆದುಕೊಂಡಿದ್ದಾರಂತೆ. ಆಸ್ಟ್ರೇಲಿಯಾದವರು 1979ರಲ್ಲಿ ಬರ್ರಾ ಎಂಬ ಹಳೆ ತಾಮ್ರದ ಗಣಿಯ ಊರಿನಲ್ಲಿ ಕೂತು ಇನ್ನೊಂದು ಸನ್ನದು ಮಾಡಿದರು. ಅಗತ್ಯ ಇರುವಷ್ಟು ಮಾಡು, ಆದರೆ ಸಾಧ್ಯವಾದಷ್ಟು ಕಡಿಮೆ ಮುಟ್ಟು ಅನ್ನುವುದು ಅದರ ತಿರುಳು. ನನ್ನ ಕಿಸೆಯಲ್ಲಿದ್ದ ಅಂದಾಜುಪಟ್ಟಿ ನೆನಪಾಯಿತು. ಅದರಲ್ಲಿ ಮುಟ್ಟದೆ ಬಿಟ್ಟ ಕಲ್ಲು ಒಂದೂ ಇರಲಿಲ್ಲ.

ಕಲ್ಲು ಬೀಳಿಸುವುದು ಎಷ್ಟು ಸುಲಭ ಅಂತ ಹಂಪಿ 2019ರಲ್ಲಿ ನೋಡಿತು. ಕೆಲವು ಹುಡುಗರು ಒಂದು ಕಂಬವನ್ನು ಸುಮ್ಮಸುಮ್ಮನೆ ದೂಡಿ ಬೀಳಿಸಿದ ವಿಡಿಯೋ ಎಲ್ಲೆಡೆ ಹರಡಿತು. ನ್ಯಾಯಾಲಯ ಅವರಿಗೆ ದಂಡ ಹಾಕಿದ್ದಷ್ಟೇ ಅಲ್ಲ, ಕಂಬವನ್ನು ಮತ್ತೆ ನಿಲ್ಲಿಸಲೂ ಹಚ್ಚಿತು. ಆ ಎರಡನೇ ಶಿಕ್ಷೆ ನನಗೆ ತುಂಬ ಸರಿ ಅನಿಸಿತು.

ಅಲ್ಲಿಂದ ತಳವಾರಘಟ್ಟಕ್ಕೆ ನಡೆದು ಹರಿಗೋಲು ಹತ್ತಿದೆವು. ಆಚೆ ದಡ ಆನೆಗೊಂದಿ. ಇದೇ ಕಡವಿನಲ್ಲಿ 1990ರ ದಶಕದಲ್ಲಿ ಸೇತುವೆ ಕಟ್ಟಲು ಶುರುಮಾಡಿದ್ದರು. ವಿರೂಪಾಪುರ ಗಡ್ಡೆಗೆ ಇನ್ನೊಂದು ಕಾಲುಸೇತುವೆ. ಈ ಎರಡು ಸೇತುವೆಗಳ ಕಾರಣಕ್ಕೆ 1999ರಲ್ಲಿ ಹಂಪಿ ಅಪಾಯದಲ್ಲಿರುವ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಹೋಯಿತು. ಆಗಲೇ ಎಲ್ಲರಿಗೂ ಗೊತ್ತಾದದ್ದು, ಇಷ್ಟು ದೊಡ್ಡ ಜಾಗಕ್ಕೆ ಒಟ್ಟಾರೆ ಒಂದು ಯೋಜನೆಯೇ ಇಲ್ಲ ಅಂತ. 2002ರ ಕಾಯ್ದೆಯ ಮೂಲಕ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬಂತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಗೆ ಬಂತು. ಆದರೆ 2009ರ ಜನವರಿಯಲ್ಲಿ, ಇನ್ನೂ ಕಟ್ಟುತ್ತಿದ್ದಾಗಲೇ, ಆನೆಗೊಂದಿಯ ಸೇತುವೆ ಕುಸಿದು ಬಿತ್ತು. ಕೆಲಸದಲ್ಲಿದ್ದ ಕಾರ್ಮಿಕರು ಸತ್ತರು.

ಹರಿಗೋಲಿನವನನ್ನು ಆ ಬಗ್ಗೆ ಕೇಳಿದೆ. ಹುಟ್ಟು ಹಾಕುತ್ತಲೇ ಹೇಳಿದ: "ಸೇತುವೆ ಆಗಿದ್ರ ನಮ್ ಕೆಲಸ ಹೋಗ್ತಿತ್ರಿ. ಆದ್ರೂ ಆಗ್ಲಿ ಅಂತಿದ್ವಿ. ಹೊಳಿ ಬಂದಾಗ ಬಸುರಿ ಹೆಣ್ಮಕ್ಕಳ್ನ ದಾಟ್ಸೋದು ಅಂದ್ರ ಏನು ಅಂತ ನಮಗ ಗೊತ್ತೈತಿ."

ಈಗ ಬುಕ್ಕಸಾಗರದ ಹತ್ತಿರ, ಸ್ಮಾರಕಗಳಿಂದ ಕೆಳಗೆ, ಬೇರೆ ಸೇತುವೆ ಇದೆ. ಅಂದರೆ ಜನರ ಬೇಡಿಕೆ ತಪ್ಪಾಗಿರಲಿಲ್ಲ. ಜಾಗ ತಪ್ಪಾಗಿತ್ತು. ಹಳ್ಳಿಯಲ್ಲಿ ಹುಟ್ಟಿದ ನನಗೆ ಇದು ತುಂಬ ನಾಟಿತು. ಪರಂಪರೆ ಉಳಿಸುವುದು ಅಂದರೆ ರಸ್ತೆ ಬೇಡ, ಸೇತುವೆ ಬೇಡ, ಕಕ್ಕಸು ಬೇಡ ಅಂತ ಜನರ ಬಾಯಿ ಮುಚ್ಚಿಸುವುದು ಅಂತ ಎಷ್ಟೋ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ.

ನಾಲ್ಕನೇ ದಿನ

ಆನೆಗೊಂದಿ ವಿಜಯನಗರಕ್ಕಿಂತ ಹಳೆಯ ಊರು. ಹಂಪಿ ವಿಜಯನಗರ ಜಿಲ್ಲೆ, ಆನೆಗೊಂದಿ ಕೊಪ್ಪಳ ಜಿಲ್ಲೆ. ಹೊಳೆಯ ಎರಡು ದಡಕ್ಕೆ ಎರಡು ಕಚೇರಿ. ಆದರೆ ಪರಂಪರೆ ಒಂದೇ. ಇಲ್ಲಿ ಜನ ಹಳೆ ಮನೆಗಳಲ್ಲೇ ಇದ್ದಾರೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಜಗುಲಿ, ಕೆತ್ತನೆಯ ಬಾಗಿಲು. ಗಗನ ಮಹಲಿನ ಮುಂದೆ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು.

ಒಂದು ಬೀದಿಯಲ್ಲಿ ಹಳೆ ಮನೆಯ ಗೋಡೆ ರಿಪೇರಿ ನಡೆಯುತ್ತಿತ್ತು. ನಿಂತು ನೋಡಿದೆವು. ಗುಂಡಿಯಲ್ಲಿ ಸುಣ್ಣದ ಕಲ್ಲಿಗೆ ನೀರು ಹಾಕಿ ಅರಳಿಸಿಟ್ಟಿದ್ದರು. ಎಷ್ಟು ದಿನ ಕೊಳೆತರೆ ಅಷ್ಟು ಒಳ್ಳೆಯದು ಅಂದರು ಮೇಸ್ತ್ರಿ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಕಲಸುತ್ತಾರೆ. ನನ್ನ ಕೈಗೆ ಒಂದು ಉಂಡೆ ಕೊಟ್ಟರು. ಬೆಣ್ಣೆಯ ಹಾಗೆ ಜಾರಿತು. "ಈ ಕೆಲಸಕ್ಕೆ ಹುಡುಗ್ರು ಬರಂಗಿಲ್ರಿ. ನಾವು ಮೂರ್ನಾಲ್ಕು ಮಂದಿ ಅದೀವಿ ಅಷ್ಟ" ಅಂದರು. ಸುಣ್ಣ ದುಡ್ಡು ಕೊಟ್ಟರೆ ಸಿಗುತ್ತದೆ. ಈ ಕೈ ಸಿಗುವುದಿಲ್ಲ. ಅವರ ನಂಬರ್ ಬರೆದುಕೊಂಡೆ, ನಮ್ಮೂರಿಗೆ ಬರುತ್ತೀರಾ ಅಂತಲೂ ಕೇಳಿದೆ. ನೋಡೋಣ ಅಂದರು.

ಮಧ್ಯಾಹ್ನ ಜಗುಲಿಯೊಂದರ ಮೇಲೆ ಕೂತು ನಮ್ಮ ಯೋಜನೆ ಬರೆದೆವು. ಮೊದಲು ಕಾನೂನಿನ ಮಾತು ಬಂತು. ಕೇಂದ್ರ ಸರ್ಕಾರದ ರಕ್ಷಣೆ ಇರುವ ಸ್ಮಾರಕಕ್ಕೆ 1958ರ ಕಾಯ್ದೆ ಇದೆ. 2010ರ ತಿದ್ದುಪಡಿಯ ಪ್ರಕಾರ ಸುತ್ತಲ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು. ರಾಜ್ಯದ ಸ್ಮಾರಕಗಳಿಗೆ 1961ರ ಕಾಯ್ದೆ. ನಮ್ಮ ಕಲ್ಯಾಣಿ ಎರಡರಲ್ಲೂ ಇಲ್ಲ. ಅದನ್ನು ಕೆಡವಿದರೂ ಯಾರೂ ಕೇಳುವುದಿಲ್ಲ. ಕರ್ನಾಟಕದ ಎಷ್ಟೋ ಊರಿನ ಗುಡಿ, ಬಾವಿ, ವೀರಗಲ್ಲುಗಳ ಪಾಡು ಇದೇ. ಅವುಗಳಿಗೆ ಊರೇ ಕಾವಲು.

ಬರೆಯುತ್ತ ಹೋದಂತೆ 11 ಲಕ್ಷದ ಪಟ್ಟಿ ಕರಗುತ್ತ ಬಂತು. ಗ್ರಿಲ್ ಯಾಕೆ? ಮಕ್ಕಳು ಬೀಳಬಾರದು ಅಂತ. ಹಾಗಾದರೆ ಕಲ್ಲಿನ ಕಟ್ಟೆ ಸಾಕು. ತಳಕ್ಕೆ ಕಾಂಕ್ರೀಟ್ ಹಾಕಿದರೆ ನೀರಿನ ಊಟೆ ಇದ್ದರೂ ಮುಚ್ಚಿಹೋಗುತ್ತದೆ, ಬೇಡ. ಟೈಲ್ಸ್ ಬೇಡವೇ ಬೇಡ. ಜಾರಿದ ಮೂಲೆಯ ಕಲ್ಲುಗಳಿಗೆ ನಂಬರ್ ಹಾಕಿ, ಫೋಟೋ ತೆಗೆದು, ಬಿಚ್ಚಿ, ಹಿಂದಿನ ಮಣ್ಣು ಗಟ್ಟಿ ಮಾಡಿ, ಅದೇ ಕಲ್ಲನ್ನು ಅದೇ ಜಾಗಕ್ಕೆ ಕೂರಿಸುವುದು. ಆದರೆ ಅದಕ್ಕೂ ಮೊದಲು ಆ ಮೂಲೆಯೇ ಯಾಕೆ ಜಾರಿತು ಅಂತ ಪತ್ತೆ ಮಾಡಬೇಕು. ಮುಗಿಸಿ ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಗಿಡ ಕೀಳುವುದು, ಹೂಳು ತೆಗೆಯುವುದು, ಅದು ಯಾರ ಜವಾಬ್ದಾರಿ ಅಂತ ಹೆಸರು ಹಾಕಿ ಬರೆಯಬೇಕು. ತಂಗಿಗೆ ಎಲ್ಲಕ್ಕಿಂತ ಈ ಕೊನೆಯ ಹಾಳೆಯ ಮೇಲೇ ಜಾಸ್ತಿ ಒತ್ತು. ವರ್ಷಕ್ಕೆ ಎರಡು ದಿನದ ಕೂಲಿ ಉಳಿಸಲು ಹೋಗಿ ಇಪ್ಪತ್ತು ವರ್ಷಕ್ಕೆ ಹತ್ತು ಲಕ್ಷ ಖರ್ಚು ಮಾಡುತ್ತೇವೆ ಅಂದಳು.

ರಾತ್ರಿ ಬಸ್ಸಿಗೆ ಹೊರಟೆವು.

ಊರಿಗೆ ಬಂದ ಮೇಲೆ

ಮಾರನೇ ಭಾನುವಾರ ಕಲ್ಯಾಣಿಯ ದಡದಲ್ಲೇ ಸಭೆ ಕರೆದೆ. ಸಿಮೆಂಟ್ ಆರ್ಡರ್ ಕೊಡಲು ತಯಾರಾಗಿದ್ದ ಅಧ್ಯಕ್ಷರಿಗೆ ಒಂದು ತಿಂಗಳು ತಡೀರಿ ಅಂದೆ. ಮೊದಲು ಬೇಜಾರು ಮಾಡಿಕೊಂಡರು. ಸುಣ್ಣ, ಸಿಮೆಂಟ್ ವಿಷಯ ಹೇಳಿ ಹನುಮಪ್ಪನ ಗುಡಿಗೆ ಕರೆದುಕೊಂಡು ಹೋಗಿ ಕಂಬ ತೋರಿಸಿದೆ. ಕೈಯಲ್ಲಿ ಸವರಿ ನೋಡಿದರು. ಕಲ್ಲಿನ ಪುಡಿ ಬೆರಳಿಗೆ ಹತ್ತಿತು. ಆಮೇಲೆ ಅವರೇ "ಸರಿ, ತಡೆಯೋಣ" ಅಂದರು.

ವಾಪಸ್ ಬಂದು ವಯಸ್ಸಾದವರನ್ನು ಒಬ್ಬೊಬ್ಬರನ್ನೇ ಕೇಳಿದೆ. ಈ ಕಲ್ಯಾಣಿಗೆ ನೀರು ಎಲ್ಲಿಂದ ಬರುತ್ತಿತ್ತು? ಗಂಡಸರು ಮಳೆ ನೀರು ಅಂದರು. ಹಿಂದೆ ಇಲ್ಲಿ ಬಟ್ಟೆ ಒಗೆಯುತ್ತಿದ್ದ ಎಂಬತ್ತು ದಾಟಿದ ಅಜ್ಜಿ ಕೋಲು ಊರಿಕೊಂಡು ಎದ್ದರು. ಜಾರಿದ ಮೂಲೆಯ ಹತ್ತಿರ ಹೋಗಿ ನಿಂತರು.

"ಕೆರೆ ಕೋಡಿ ಬಿದ್ದಾಗ ಇಲ್ಲಿಂದ ಬರ್ತಿತ್ತು ಕಣಪ್ಪ. ಕಲ್ಲಿನ ಕಾಲುವೆ ಇತ್ತು. ರಸ್ತೆ ಮಾಡಿದಾಗ ಮುಚ್ಚಿಬಿಟ್ರು."

ನಾಲ್ಕು ಜನ ಹಾರೆ, ಗುದ್ದಲಿ ತಂದರು. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಚಪ್ಪಡಿ ಸಿಕ್ಕಿತು. ಅದರ ಕೆಳಗೆ ಒದ್ದೆ ಮಣ್ಣು. ಇಷ್ಟು ವರ್ಷ ನೀರು ದಾರಿ ಸಿಗದೆ ಮೆಟ್ಟಿಲ ಹಿಂದೆಯೇ ನಿಂತು ಕಲ್ಲುಗಳನ್ನು ದೂಡುತ್ತಿತ್ತು. ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ ಫೋಟೋ ತೆಗೆದೆ. ಅಳತೆ ಬರೆದುಕೊಂಡೆ. ತಂಗಿಗೆ ಕಳಿಸಿದೆ. ಗುರುವಾರ ಬರುತ್ತೇನೆ, ಅಲ್ಲಿವರೆಗೆ ಆ ಚಪ್ಪಡಿ ಎತ್ತಬೇಡಿ ಅಂತ ಉತ್ತರ ಬಂದಿದೆ.